ಅಪಸ್ಮಾರ: ರೋಗನಿರ್ಣಯ, ಚಿಕಿತ್ಸೆ ಮತ್ತು ಶಿಕ್ಷಕರ ಪಾತ್ರ

ಮಾನವಶರೀರದಲ್ಲಿ ನರಮಂಡಲಕ್ಕಿರುವ ಸ್ಥಾನ ಅತ್ಯಂತ ಮಹತ್ತ್ವದ್ದು. ನೋಡುವುದು, ಕೇಳುವುದು, ನಡೆಯುವುದು, ನುಡಿಯುವುದು, ನೆನೆಯುವುದು, ಮರೆಯುವುದು ಎಲ್ಲವೂ ಅದರ ಅಧೀನ. ಆದಕಾರಣ ಆ ಮಂಡಲದಲ್ಲಿ ತಲೆದೋರುವ ರೋಗಗಳು ದೇಹವನ್ನು ಮಾತ್ರ ಬಾಧಿಸಿ ಸುಮ್ಮನಾಗುವುದಿಲ್ಲ. ವ್ಯಕ್ತಿಯ ವಿದ್ಯಾಭ್ಯಾಸ, ಉದ್ಯೋಗ, ಸಂಸಾರ, ಸಮಾಜದಲ್ಲಿನ ಸ್ಥಾನಮಾನ ಇವೆಲ್ಲವನ್ನೂ ಮುಟ್ಟುತ್ತವೆ. ಅರೆತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಕಂಪವಾತ, ಮರೆವಿನ ರೋಗ ಇವು ಈ ವರ್ಗದಲ್ಲಿ ಸಾಮಾನ್ಯವಾಗಿ ಕಂಡುಬರುವಂಥವು. ಪಾರ್ಶ್ವವಾಯು ಮತ್ತು ಕಂಪವಾತಗಳು ಹೆಚ್ಚಾಗಿ ಇಳಿವಯಸ್ಸಿನವರನ್ನು ಕಾಡುತ್ತವೆ. ಅಪಸ್ಮಾರವಾದರೋ ಯಾವ ವಯಸ್ಸಿನಲ್ಲಿ ಬೇಕಾದರೂ ಬರಬಹುದಾದರೂ ಬಾಲ್ಯದಲ್ಲಿಯೂ ಹದಿಹರೆಯದಲ್ಲಿಯೂ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಬಹಳ. ಆ ಕಾರಣದಿಂದ ಶಾಲೆಗೂ ವಿದ್ಯಾರ್ಥಿನಿಲಯಕ್ಕೂ ಶಿಕ್ಷಕರಿಗೂ ಅತ್ಯಂತ ನಿಕಟವಾದ ನರರೋಗವೆಂದರೆ ಇದೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾಗಿ ರೋಗನಿರ್ಣಯವಾಗಿ ಸರಿಯಾದ ಔಷಧ ದೊರೆತರೆ ಅವರಲ್ಲಿ ನೂರಕ್ಕೆ 70 ಮಂದಿ ಸೆಳವುಗಳಿಲ್ಲದೆ ಬಾಳಬಲ್ಲರೆಂದು ಅದೇ ಸಂಸ್ಥೆ ಹೇಳುತ್ತದೆ. ಆದರೆ ಬಡರಾಷ್ಟ್ರಗಳಲ್ಲಿ ನಾಲ್ವರು ರೋಗಿಗಳಲ್ಲಿ ಮೂವರಿಗೆ ತಕ್ಕ ಚಿಕಿತ್ಸೆಯೇ ಸಿಗುತ್ತಿಲ್ಲ. ಮದ್ದು ಇದೆ, ಅಗ್ಗವಾಗಿಯೂ ಇದೆ. ಆದರೂ ರೋಗಿಗೆ ಅದು ಮುಟ್ಟುತ್ತಿಲ್ಲ. ಇದಕ್ಕೆ ಬಡತನ ಒಂದು ಕಾರಣವಾದರೆ ಅಜ್ಞಾನ ಮತ್ತು ಸಂಕೋಚ ಇನ್ನೆರಡು ಕಾರಣಗಳು.

ಹೆಸರು ಮತ್ತು ಹಿನ್ನೆಲೆ

ಅಪಸ್ಮಾರವೆಂಬ ಹೆಸರು ಆಯುರ್ವೇದದ್ದು. ಸ್ಮರಣೆ ತಪ್ಪಿಹೋಗುವುದು ಎಂಬುದೇ ಅದರ ಅರ್ಥ. ಚರಕಸಂಹಿತೆ ಈ ರೋಗವನ್ನು ವಾತ, ಪಿತ್ತ, ಕಫ ಮತ್ತು ಸನ್ನಿಪಾತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ಅದರ ನಿದಾನ ಚಿಕಿತ್ಸೆಗಳನ್ನು ವಿವರಿಸಿದೆ. ನಟರಾಜಮೂರ್ತಿಯ ಪಾದದಡಿಯಲ್ಲಿ ಬಿದ್ದಿರುವ ಕುಬ್ಜನಿಗೂ ಅಪಸ್ಮಾರಪುರುಷನೆಂದೇ ಹೆಸರು. ಗ್ರೀಸಿನಲ್ಲಿ ಇದನ್ನು ದೈವದತ್ತ ರೋಗವೆಂದು ಭಾವಿಸಿದ್ದ ಕಾಲದಲ್ಲಿ, ಇಂದಿಗೆ ಸುಮಾರು 2,400 ವರ್ಷಗಳ ಹಿಂದೆ, ಹಿಪ್ಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥವೊಂದು ಈ ರೋಗದಲ್ಲಿ ಬೇರೆ ರೋಗಗಳಿಗಿಲ್ಲದ ದೈವತ್ವವೇನೂ ಇಲ್ಲ, ಇದರ ಮೂಲ ಮಿದುಳಿನಲ್ಲಿದೆ ಎಂದು ಸಾರಿತು. ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ವೈದ್ಯರು ಇದನ್ನು ರೋಗವೆಂದು ಕಂಡಿದ್ದರೂ ಜನಸಾಮಾನ್ಯರು ಮಾತ್ರ ಇದನ್ನು ಗಾಳಿ, ಗ್ರಹ, ದೆವ್ವಗಳ ಚೇಷ್ಟೆಯೆಂದು ನಂಬುತ್ತ ಬಂದರು. ಮೂರ್ಛೆರೋಗ, ಫಿಟ್ಸ್ ಎಂದು ಮೆಲುದನಿಯಲ್ಲಿ ಹೇಳಿ ಮುಚ್ಚಿಡುವ ಪದ್ಧತಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ಅತ್ಯಲ್ಪ ಪ್ರಮಾಣದ ವಿದ್ಯುತ್ತಿನ ಮೂಲಕವೂ ರಾಸಾಯನಿಕಗಳ ಮೂಲಕವೂ ಪರಸ್ಪರ ಸಂದೇಶಗಳನ್ನು ಕಳುಹಿಸುತ್ತಿರುತ್ತವೆ. ಪ್ರಚೋದಿಸುವ ಸಂದೇಶಗಳೂ ತಡೆಯುವ ಸಂದೇಶಗಳೂ ಸಮತೋಲದಲ್ಲಿರುವವರೆಗೆ ಎಲ್ಲವೂ ಸುಗಮ. ಯಾವುದಾದರೂ ಕಾರಣದಿಂದ ತಡೆ ಸಡಿಲವಾಗಿ ಅಸಂಖ್ಯ ಕೋಶಗಳು ಏಕಕಾಲಕ್ಕೆ ವಿದ್ಯುತ್ತನ್ನು ಚಿಮ್ಮಿದಾಗ ಸೆಳವು ಉಂಟಾಗುತ್ತದೆ. ಈ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯನು ಪ್ರತಿಪಾದಿಸಿದನು. ವಿದ್ಯುದ್ವಿಸರ್ಜನೆ ಮಿದುಳಿನ ಯಾವ ಭಾಗದಲ್ಲಿ ಆಗುವುದೋ ಆ ಭಾಗದ ಕೆಲಸ ಕೆಡುತ್ತದೆ. ಆದ್ದರಿಂದಲೇ ಸೆಳವುಗಳೆಲ್ಲ ಒಂದೇ ತೆರನಾಗಿರುವುದಿಲ್ಲ.

ಸೆಳವಿನ ನಾನಾ ರೂಪಗಳು

ಎಲ್ಲರಿಗೂ ತಿಳಿದಿರುವುದು ಸರ್ವಾಂಗ ಸೆಳವು. ರೋಗಿ ಹಠಾತ್ತನೆ ಕೂಗಿ ನೆಲಕ್ಕುರುಳುತ್ತಾನೆ, ಮೈ ಸೆಟೆದುಕೊಳ್ಳುತ್ತದೆ, ಅನಂತರ ಕೈಕಾಲುಗಳು ಅದುರತೊಡಗುತ್ತವೆ, ಬಾಯಿಯಲ್ಲಿ ನೊರೆ ಬರಬಹುದು, ನಾಲಗೆ ಕಚ್ಚಿಹೋಗಬಹುದು, ಮೂತ್ರ ತಾನಾಗಿ ಹೋಗಬಹುದು. ಸಾಮಾನ್ಯವಾಗಿ ಒಂದೆರಡು ಮೂರು ನಿಮಿಷಗಳಲ್ಲಿ ಇದು ತಾನಾಗಿಯೇ ನಿಲ್ಲುತ್ತದೆ. ಬಳಿಕ ರೋಗಿ ಕೆಲಹೊತ್ತು ಮಂಕಾಗಿದ್ದು ನಿದ್ರೆಹೋಗುತ್ತಾನೆ.

ಇಷ್ಟು ಸ್ಪಷ್ಟವಲ್ಲದ ಇನ್ನೊಂದು ರೂಪವಿದೆ. ಎಂಟು ವರ್ಷದ ಬಾಲಕಿಯೊಬ್ಬಳು ಉಕ್ತಲೇಖನ ಬರೆಯುತ್ತಿರುವಳೆನ್ನೋಣ. ನಡುವೆ ಹತ್ತು ಸೆಕೆಂಡುಗಳ ಕಾಲ ಅವಳ ದೃಷ್ಟಿ ನೆಟ್ಟುಹೋಗುತ್ತದೆ, ರೆಪ್ಪೆಗಳು ಸಣ್ಣಗೆ ಅದುರುತ್ತವೆ, ಲೇಖನಿ ನಿಲ್ಲುತ್ತದೆ. ಮರುಕ್ಷಣ ಏನೂ ಆಗದವಳಂತೆ ಬರವಣಿಗೆ ಮುಂದುವರಿಸುತ್ತಾಳೆ. ಅವಳ ಪುಸ್ತಕದಲ್ಲಿ ವಾಕ್ಯದ ಮಧ್ಯದ ಎರಡು ಮೂರು ಪದಗಳು ಇರುವುದಿಲ್ಲ. ಇದು ದಿನಕ್ಕೆ ಹತ್ತಾರು ಸಲ ನಡೆಯುತ್ತದೆ. ಬಾಲಕಿ ಬೀಳುವುದಿಲ್ಲ, ನರಳುವುದಿಲ್ಲ. ತನಗೆ ಏನಾಯಿತೆಂಬುದು ಅವಳಿಗೇ ತಿಳಿಯದು. ತಿಳಿಯದ ಉಪಾಧ್ಯಾಯರು ಅವಳನ್ನು ಅಲಕ್ಷ್ಯದವಳೆಂದು ಗದರಿಸುತ್ತಾರೆ, ಕೆಲವೊಮ್ಮೆ ಶಿಕ್ಷಿಸುತ್ತಾರೆ. ರೋಗಕ್ಕಾಗಿ ಮಗು ಶಿಕ್ಷೆಯನ್ನು ಅನುಭವಿಸುವುದಕ್ಕಿಂತ ದುಃಖಕರವಾದುದು ಶಾಲೆಯಲ್ಲಿ ಬೇರೊಂದಿಲ್ಲ. ಇದಕ್ಕೆ ಮಕ್ಕಳ ಕ್ಷಣಿಕ ಅರಿವುಗೇಡು ಎನ್ನಬಹುದು. ನಾಲ್ಕರಿಂದ ಹತ್ತು ವರ್ಷಗಳ ನಡುವೆ ಹೆಚ್ಚಾಗಿ ಆರಂಭವಾಗುವ ಈ ಬಗೆ ತಕ್ಕ ಔಷಧಕ್ಕೆ ಚೆನ್ನಾಗಿ ಮಣಿಯುತ್ತದೆ. ಅನೇಕರಲ್ಲಿ ಹದಿಹರೆಯದ ಹೊತ್ತಿಗೆ ಹೇಳಹೆಸರಿಲ್ಲದಂತೆ ಹೋಗುತ್ತದೆ.

ಮೂರನೆಯದು ಮಿದುಳಿನ ಒಂದು ಭಾಗಕ್ಕೆ ಸೀಮಿತವಾದ ಸೆಳವು. ಒಂದು ಕೈ ಅಥವಾ ಮುಖದ ಒಂದು ಪಕ್ಕ ಮಾತ್ರ ಅದುರಬಹುದು. ಇಲ್ಲವೇ ರೋಗಿ ಅರಿವಿಲ್ಲದೆ ತುಟಿ ಚಪ್ಪರಿಸುತ್ತ, ಅಂಗಿಯ ಗುಂಡಿಗಳನ್ನು ತಡಕಾಡುತ್ತ, ಕರೆದರೆ ಉತ್ತರಿಸದೆ ಒಂದೆರಡು ನಿಮಿಷ ಇರಬಹುದು. ಇದನ್ನು ಕಂಡ ಜನ ಹುಚ್ಚೆಂದೋ ಮೈಮೇಲೆ ಬಂದಿದೆಯೆಂದೋ ತಪ್ಪು ತಿಳಿಯುವುದುಂಟು. ನಾಲ್ಕನೆಯದು ಹದಿಹರೆಯದವರಲ್ಲಿ ಕಾಣುವ ಬೆಳಗಿನ ಜಾವದ ಬೆಚ್ಚು. ನಿದ್ದೆಯಿಂದೆದ್ದ ಕೆಲಹೊತ್ತಿನಲ್ಲಿ ಕೈಗಳು ಥಟ್ಟನೆ ಅದುರಿ ಹಿಡಿದ ಬಾಚಣಿಗೆಯೋ ಕಾಫಿಯ ಲೋಟವೋ ಜಾರಿ ಬೀಳುತ್ತದೆ. ಪರೀಕ್ಷೆಯ ದಿನಗಳಲ್ಲಿ ನಿದ್ದೆಗೆಟ್ಟಾಗ ಇದು ಹೆಚ್ಚುತ್ತದೆ. ಒಂದು ದಿನ ಸರ್ವಾಂಗ ಸೆಳವಾಗಿಯೂ ಪರಿಣಮಿಸುತ್ತದೆ.

ಕರ್ನಾಟಕಕ್ಕೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಬಗೆಯನ್ನು ಇಲ್ಲಿ ಹೇಳಬೇಕು. ತಲೆಯ ಮೇಲೆ ಬಿಸಿನೀರನ್ನು ತಂಬಿಗೆಯಿಂದ ಒಂದೇ ಸಮನೆ ಹುಯ್ದುಕೊಳ್ಳುವಾಗ ಕೆಲವರಿಗೆ ಸೆಳವು ಬರುತ್ತದೆ. ಬೇರೆ ದೇಶಗಳಲ್ಲಿ ವಿರಳವಾದ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಕಂಡುಬರುವುದೆಂದು ಬೆಂಗಳೂರಿನ ನರರೋಗತಜ್ಞರು 1960ರ ದಶಕದ ಕೊನೆಯಿಂದ ಮೊದಲ್ಗೊಂಡು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದರು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ಉಗುರುಬೆಚ್ಚಗಿನ ನೀರನ್ನು ಬಳಸುವುದು, ತಲೆಗೆ ರಭಸವಾಗಿ ಸುರಿಯದಿರುವುದು ಇಷ್ಟರಿಂದಲೇ ಅನೇಕರಿಗೆ ಗುಣವಾಗುತ್ತದೆ. ಉಳಿದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ.

ರೋಗನಿರ್ಣಯ

ರೋಗನಿರ್ಣಯವೆಂದರೆ ಯಂತ್ರಗಳ ಕೆಲಸವೆಂಬ ಭಾವನೆ ಬಲವಾಗಿದೆ. ಅಪಸ್ಮಾರದ ವಿಷಯದಲ್ಲಿ ಇದು ನಿಜವಲ್ಲ. ವೈದ್ಯರ ಮುಂದೆ ಬಂದು ಕೂರುವ ಹೊತ್ತಿಗೆ ರೋಗಿ ಸ್ವಸ್ಥನಾಗಿರುತ್ತಾನೆ. ಸೆಳವಿನ ಕಾಲದಲ್ಲಿ ಅರಿವು ತಪ್ಪಿದ್ದುದರಿಂದ ಅವನಿಂದ ಹೆಚ್ಚು ವಿಷಯ ತಿಳಿಯದು. ಕಣ್ಣಾರೆ ಕಂಡವರ ಮಾತೇ ಇಲ್ಲಿ ಮುಖ್ಯ ಆಧಾರ. ಸೆಳವು ಯಾವ ಹೊತ್ತಿನಲ್ಲಿ ಬಂತು? ಅದಕ್ಕೆ ಮುಂಚೆ ಏನು ಮಾಡುತ್ತಿದ್ದನು? ಮೊದಲು ಅದುರಿದ್ದು ಯಾವ ಅಂಗ? ಕಣ್ಣು, ಕತ್ತು ಯಾವ ಕಡೆಗೆ ತಿರುಗಿದವು? ಎಷ್ಟು ನಿಮಿಷ ನಡೆಯಿತು? ಎಚ್ಚರಗೊಂಡ ಮೇಲೆ ಹೇಗಿದ್ದನು? ಈ ಪ್ರಶ್ನೆಗಳಿಗೆ ತಾಯಿಯೋ ಸಹಪಾಠಿಯೋ ಶಿಕ್ಷಕರೋ ಕೊಡುವ ಉತ್ತರದಿಂದ ತಜ್ಞವೈದ್ಯರು ರೋಗವನ್ನು ಬಹುಪಾಲು ಗುರುತಿಸುತ್ತಾರೆ. ಈಗ ಕೈಗೈಯಲ್ಲಿಯೂ ಇರುವ ಮೊಬೈಲ್ ಫೋನಿನಲ್ಲಿ ಅರ್ಧ ನಿಮಿಷದ ಚಿತ್ರ ತೆಗೆದಿದ್ದರೆ ವೈದ್ಯರಿಗೆ ಅದು ಬಹು ಉಪಯುಕ್ತ.

ಬಿದ್ದವರಿಗೆಲ್ಲ ಅಪಸ್ಮಾರವೆಂದು ತೀರ್ಮಾನಿಸುವುದೂ ತಪ್ಪು. ಬಿಸಿಲಿನಲ್ಲಿ ಪ್ರಾರ್ಥನೆಗೆ ನಿಂತ ಬಾಲಕ ಕಣ್ಣು ಕತ್ತಲೆಗಟ್ಟಿ, ಬೆವೆತು, ಬಿಳಿಚಿಕೊಂಡು ಕುಸಿದು, ಮಲಗಿಸಿದ ಕೂಡಲೇ ಎಚ್ಚೆತ್ತು ಮಾತನಾಡಿದರೆ ಅದು ಮಿದುಳಿಗೆ ಕ್ಷಣಕಾಲ ರಕ್ತ ಕಡಿಮೆಯಾಗಿ ಬಂದ ಸಾಮಾನ್ಯ ಮೂರ್ಛೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಜ್ವರ ಏರಿದಾಗ ಬರುವ ಸೆಳವು ಬಹುತೇಕ ಅಪಸ್ಮಾರವಾಗಿ ಮುಂದುವರಿಯುವುದಿಲ್ಲ. ರಕ್ತದ ಸಕ್ಕರೆ ಇಳಿದರೂ ಮೂರ್ಛೆ ಬರಬಹುದು. ತೀವ್ರ ಮನೋವೇದನೆಯೂ ಸೆಳವಿನ ರೂಪ ತಾಳಬಹುದು. ಸಾಮಾನ್ಯವಾಗಿ ಇಂಥ ತಾತ್ಕಾಲಿಕ ಕಾರಣವೇನೂ ಇಲ್ಲದೆ ಒಂದು ದಿನಕ್ಕಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಸೆಳವು ಬಂದಿದ್ದರೆ ಅಪಸ್ಮಾರವೆನ್ನುತ್ತಾರೆ. ಮತ್ತೆ ಬರುವ ಸಂಭವ ಅಧಿಕವೆಂದು ಪರೀಕ್ಷೆಗಳಿಂದ ತಿಳಿದರೆ ಒಂದೇ ಸೆಳವಿನ ಬಳಿಕವೂ ಚಿಕಿತ್ಸೆ ಆರಂಭಿಸುವುದುಂಟು.

ಪರೀಕ್ಷೆಗಳಲ್ಲಿ ಮೊದಲನೆಯದು ಇ.ಇ.ಜಿ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಪ್ರಥಮವಾಗಿ ದಾಖಲಿಸಿ 1929ರಲ್ಲಿ ಪ್ರಕಟಿಸಿದನು. ನೆತ್ತಿಯ ಮೇಲೆ ತಂತಿಗಳನ್ನು ಅಂಟಿಸಿ ತರಂಗಗಳನ್ನು ಬರೆಸುವ ಈ ಪರೀಕ್ಷೆಯಲ್ಲಿ ನೋವೂ ಇಲ್ಲ, ವಿದ್ಯುದಾಘಾತವೂ ಇಲ್ಲ. ಮೇಲೆ ಹೇಳಿದ ಬಾಲಕಿಯಂಥವರನ್ನು ಮೂರು ನಿಮಿಷ ದೀರ್ಘವಾಗಿ ಉಸಿರಾಡಲು ಹೇಳಿದರೆ ಸೆಳವು ಅಲ್ಲಿಯೇ ಕಾಣಿಸಿಕೊಂಡು, ಸೆಕೆಂಡಿಗೆ ಮೂರರಂತೆ ಮೊನಚು ತರಂಗಗಳು ಕಾಗದದ ಮೇಲೆ ಮೂಡುತ್ತವೆ. ಆದರೆ ಅಪಸ್ಮಾರವಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಮೊದಲ ಇ.ಇ.ಜಿ.ಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ವರದಿ ಸರಿಯಾಗಿದೆಯೆಂದು ರೋಗವೇ ಇಲ್ಲವೆನ್ನಲಾಗದು. ಎರಡನೆಯದು ಮಿದುಳಿನ ಚಿತ್ರಣ. 1971ರಲ್ಲಿ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನ್, ಅನಂತರದ ಎಂ.ಆರ್.ಐ. ಇವು ಮಿದುಳಿನಲ್ಲಿರುವ ಗಾಯ, ಗಂಟು, ಗಡ್ಡೆಗಳನ್ನು ತೋರಿಸುತ್ತವೆ.

ಕಾರಣಗಳು

ಹೆರಿಗೆಯ ಕಾಲದಲ್ಲಿ ಮಗುವಿನ ಮಿದುಳಿಗೆ ಪ್ರಾಣವಾಯು ಸಾಲದಿರುವುದು, ತಲೆಗೆ ಪೆಟ್ಟು, ಮಿದುಳಿನ ಪೊರೆಯ ಉರಿಯೂತ, ಪಾರ್ಶ್ವವಾಯು, ಗಡ್ಡೆ, ಅನುವಂಶೀಯತೆ ಇವು ಮುಖ್ಯ ಕಾರಣಗಳು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾರಣವೇ ಸಿಗುವುದಿಲ್ಲ.

ಭಾರತದಲ್ಲಿ ಗಮನಿಸಬೇಕಾದ ಇನ್ನೊಂದು ಕಾರಣ ಲಾಡಿಹುಳು. ಸಿ.ಟಿ. ಸ್ಕ್ಯಾನ್ ಬಂದ ಮೊದಮೊದಲು ಸೆಳವಿನ ಅನೇಕ ರೋಗಿಗಳ ಮಿದುಳಿನಲ್ಲಿ ಒಂದು ಚಿಕ್ಕ ಗಂಟು ಕಾಣುತ್ತಿತ್ತು. ಕ್ಷಯದ ಗಂಟೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನರಶಸ್ತ್ರತಜ್ಞರು 1980ರ ದಶಕದ ಕೊನೆಯ ವೇಳೆಗೆ ಅಂಥ ಗಂಟುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಹಂದಿಯ ಲಾಡಿಹುಳುವಿನ ಮರಿ ಕಟ್ಟಿದ ಕೋಶಗಳೆಂದು ತೋರಿಸಿದರು. ಮಾಂಸವನ್ನೇ ಮುಟ್ಟದ ಮನೆಗಳಲ್ಲಿಯೂ ಈ ರೋಗ ಬರುವುದನ್ನು ಕಂಡು ಜನ ಆಶ್ಚರ್ಯಪಡುತ್ತಾರೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಅವನ ಮಲದಲ್ಲಿ ಹೊರಬರುತ್ತವೆ. ಬಯಲಿನ ಮಣ್ಣು, ಕೊಳಕು ನೀರು, ತೊಳೆಯದ ಕೈಗಳ ಮೂಲಕ ಆ ಮೊಟ್ಟೆಗಳು ಸೊಪ್ಪು ತರಕಾರಿಗಳಿಗೆ ಅಂಟಿ ಯಾರ ಹೊಟ್ಟೆಯನ್ನಾದರೂ ಸೇರಬಹುದು. ಅಲ್ಲಿಂದ ಮರಿಗಳು ರಕ್ತದ ಮೂಲಕ ಮಿದುಳನ್ನು ಮುಟ್ಟುತ್ತವೆ. ಆದುದರಿಂದ ಶಾಲೆಯ ಶೌಚಾಲಯ, ಕೈತೊಳೆಯುವ ಸೋಪು, ಕೋಸಂಬರಿಗೆ ಬಳಸುವ ಹಸಿ ತರಕಾರಿಯನ್ನು ತೊಳೆಯುವ ಶುದ್ಧ ನೀರು ಇವೂ ಅಪಸ್ಮಾರದ ನಿವಾರಣೋಪಾಯಗಳೇ ಆಗಿವೆ.

ಚಿಕಿತ್ಸೆ

1857ರಲ್ಲಿ ಬ್ರೋಮೈಡ್ ಲವಣದ ಉಪಯೋಗ ತಿಳಿದುಬಂತು. 1912ರಲ್ಲಿ ಫಿನೋಬಾರ್ಬಿಟೋನ್, 1938ರಲ್ಲಿ ಫೆನಿಟಾಯಿನ್ ಬಂದವು. 1960ರ ದಶಕದಲ್ಲಿ ಕಾರ್ಬಮಜೆಪೀನ್, ವ್ಯಾಲ್‌ಪ್ರೊಯೇಟ್ ಬಳಕೆಗೆ ಬಂದವು. ಲೆವೆಟಿರಸೆಟಾಮ್, ಲ್ಯಾಮೋಟ್ರಿಜಿನ್ ಮೊದಲಾದವು ಆ ಬಳಿಕದವು. ಎಲ್ಲ ಬಗೆಯ ಸೆಳವಿಗೂ ಒಂದೇ ಔಷಧವಲ್ಲ. ಮಿದುಳಿನ ಒಂದು ಭಾಗದ ಸೆಳವಿಗೆ ಸೊಗಸಾಗಿ ಒದಗುವ ಕಾರ್ಬಮಜೆಪೀನ್ ಮಕ್ಕಳ ಅರಿವುಗೇಡನ್ನೂ ಹದಿಹರೆಯದ ಬೆಚ್ಚನ್ನೂ ಉಲ್ಬಣಗೊಳಿಸಬಲ್ಲುದು. ವ್ಯಾಲ್‌ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲುದಾದ್ದರಿಂದ ಹೆಣ್ಣುಮಕ್ಕಳಿಗೆ ಅದನ್ನು ಬಹಳ ವಿವೇಚನೆಯಿಂದ ಕೊಡಬೇಕಾಗುತ್ತದೆ. ಸೆಳವನ್ನು ಕಂಡವರು ನಿಖರವಾಗಿ ವರ್ಣಿಸಬೇಕೆಂಬ ಮಾತಿಗೆ ಇಲ್ಲಿಯೇ ಅರ್ಥ ಬರುವುದು: ವರ್ಣನೆ ತಪ್ಪಿದರೆ ಮದ್ದೂ ತಪ್ಪುತ್ತದೆ.

ಗ್ಲಾಸ್ಗೋ ನಗರದಲ್ಲಿ 470 ಹೊಸ ರೋಗಿಗಳನ್ನು ಅನುಸರಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೊದಲ ಔಷಧದಿಂದಲೇ ನೂರಕ್ಕೆ 47 ಮಂದಿ ಸೆಳವುಗಳಿಂದ ಮುಕ್ತರಾದರು. ಎರಡನೆಯ ಔಷಧದಿಂದ ಇನ್ನೂ 13 ಮಂದಿ. ಎರಡು ಸರಿಯಾದ ಔಷಧಗಳೂ ಫಲಿಸದಿದ್ದಾಗ ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಕುರಿತು ಯೋಚಿಸಬೇಕು. ಸೆಳವಿನ ಮೂಲ ಒಂದೇ ಕಡೆ ಇದ್ದು, ಆ ಭಾಗವನ್ನು ತೆಗೆದರೆ ಮಾತು, ನೆನಪು, ಚಲನೆಗಳಿಗೆ ಧಕ್ಕೆಯಿಲ್ಲವೆಂದು ಖಚಿತವಾದರೆ ಶಸ್ತ್ರಕ್ರಿಯೆಯಿಂದ ಅನೇಕರು ಗುಣಹೊಂದುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1995ರಿಂದಲೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇಂಥ ಚಿಕಿತ್ಸೆ ನಡೆಯುತ್ತ ಬಂದಿದೆ.

ಔಷಧ ಯಾವುದೇ ಇರಲಿ, ದಿನವೂ ತಪ್ಪದೆ, ಹೊತ್ತಿಗೆ ಸರಿಯಾಗಿ ಸೇವಿಸಿದರೆ ಮಾತ್ರ ಫಲ. ಆರು ತಿಂಗಳು ಸೆಳವು ಬರಲಿಲ್ಲವೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅನೇಕರು ಮಾಡುವ ಪ್ರಮಾದ. ಹಠಾತ್ತನೆ ನಿಲ್ಲಿಸಿದರೆ ಒಂದರ ಮೇಲೊಂದು ಸೆಳವು ಬಂದು ಪ್ರಾಣಾಪಾಯವೇ ಒದಗಬಹುದು. ಸಾಮಾನ್ಯವಾಗಿ ಎರಡು ವರ್ಷಗಳಿಗೆ ಕಡಿಮೆಯಿಲ್ಲದಂತೆ ಸೆಳವಿಲ್ಲದೆ ಕಳೆದ ಬಳಿಕ ವೈದ್ಯರೇ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಕೆಲವು ಬಗೆಗಳಲ್ಲಿ ಇನ್ನೂ ದೀರ್ಘಕಾಲ ಬೇಕಾಗುತ್ತದೆ.

ದುಬಾರಿ ಆಸ್ಪತ್ರೆಯಿಲ್ಲದೆ ಈ ಚಿಕಿತ್ಸೆ ಸಾಧ್ಯವಿಲ್ಲವೆಂಬ ಭಯ ಬೇಡ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಯಳಂದೂರು ಪ್ರದೇಶದ ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ, ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಮಟ್ಟದಲ್ಲಿ ಚಿಕಿತ್ಸೆ ನಡೆಸಬಹುದೆಂಬುದನ್ನು ತೋರಿಸಿದರು. ಅದರ ವರದಿ 2001ರಲ್ಲಿ ಪ್ರಕಟವಾಯಿತು. ಕರ್ನಾಟಕ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ 2022ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯ ಯೋಜನೆಯ ಉದ್ದೇಶಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನರರೋಗಗಳ ವಿಷಯದಲ್ಲಿ ತರಬೇತಿ ಕೊಡುವುದೂ ಒಂದು.

ಸೆಳವು ಬಂದಾಗ

ಕಬ್ಬಿಣದ ಬೀಗದ ಕೈಯನ್ನು ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿಯನ್ನು ಮೂಸಿಸುವುದು ರೂಢಿಯಲ್ಲಿವೆ. ಸೆಳವು ಎರಡು ಮೂರು ನಿಮಿಷಗಳಲ್ಲಿ ತಾನಾಗಿ ನಿಲ್ಲುವ ಕಾರಣ ಅದರ ಕೀರ್ತಿ ಬೀಗದ ಕೈಗೆ ಸಲ್ಲುತ್ತಿದೆಯೇ ಹೊರತು ಕಬ್ಬಿಣಕ್ಕೆ ಅಂಥ ಶಕ್ತಿಯೇನೂ ಇಲ್ಲ. ಮಾಡಬೇಕಾದುದು ಇಷ್ಟು: ಗಾಬರಿಪಡದೆ ಗಡಿಯಾರ ನೋಡಬೇಕು. ಸುತ್ತಲಿನ ಬೆಂಚು, ಕಲ್ಲು, ಬೆಂಕಿಗಳಿಂದ ರೋಗಿಯನ್ನು ದೂರವಿರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಕೊರಳಿನ ಗುಂಡಿ ಸಡಿಲಿಸಿ, ನಿಧಾನವಾಗಿ ಒಂದು ಮಗ್ಗುಲಿಗೆ ತಿರುಗಿಸಬೇಕು. ಆಗ ಜೊಲ್ಲು ಹೊರಗೆ ಹರಿದು ಉಸಿರಾಟ ಸುಗಮವಾಗುತ್ತದೆ. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಹಲ್ಲುಗಳ ನಡುವೆ ಚಮಚ, ಬೆರಳು, ಬಟ್ಟೆ ಏನನ್ನೂ ತುರುಕಬಾರದು. ಪೂರ್ಣ ಎಚ್ಚರವಾಗುವವರೆಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬಾರದು. ಸೆಳವು ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಪೆಟ್ಟಾಗಿದ್ದರೆ, ಅಥವಾ ಅದು ಜೀವನದ ಮೊದಲ ಸೆಳವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರಗೊಂಡ ಮಗುವಿನ ಸುತ್ತ ಗುಂಪು ಕೂಡದೆ, ಒಬ್ಬರು ಹತ್ತಿರವಿದ್ದು ಸಮಾಧಾನ ಹೇಳಬೇಕು.

ಶಾಲೆಯ ಹೊಣೆ

ಅಪಸ್ಮಾರ ಅಂಟುರೋಗವಲ್ಲ, ಹುಚ್ಚೂ ಅಲ್ಲ. ಬಹುಸಂಖ್ಯಾತ ಮಕ್ಕಳ ಬುದ್ಧಿಶಕ್ತಿಗೆ ಇದರಿಂದ ಕುಂದಿಲ್ಲ. ಆದರೂ ತರಗತಿಯಲ್ಲಿ ಒಮ್ಮೆ ಬಿದ್ದ ಮಗುವನ್ನು, ಅದರಲ್ಲಿಯೂ ಹೆಣ್ಣುಮಗುವನ್ನು, ಶಾಲೆ ಬಿಡಿಸಿ ಮನೆಯಲ್ಲಿ ಅಡಗಿಸಿಡುವುದುಂಟು. ಮದುವೆಗೆ ಅಡ್ಡಿಯಾದೀತೆಂಬುದೇ ಅದಕ್ಕೆ ಹೇಳುವ ಕಾರಣ. ಹಿಂದೂ ವಿವಾಹ ಕಾಯಿದೆಯಲ್ಲಿ ಉನ್ಮಾದದ ಜೊತೆಗೆ ಸೇರಿಸಿದ್ದ ಅಪಸ್ಮಾರವನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾಯಿದೆ ಬಿಟ್ಟುಕೊಟ್ಟ ಕಳಂಕವನ್ನು ಸಮಾಜ ಇನ್ನೂ ಹಿಡಿದುಕೊಂಡಿರುವುದು ಸಲ್ಲದು.

ಈ ಕಾರ್ಯದಲ್ಲಿ ಶಾಲೆಗಳು ಮಾಡಬಹುದಾದುದು ಬಹಳವಿದೆ. ಮಗುವಿನ ರೋಗದ ವಿಷಯವನ್ನು ತಂದೆತಾಯಿಗಳು ನಿಸ್ಸಂಕೋಚವಾಗಿ ತಿಳಿಸುವಂಥ ವಿಶ್ವಾಸವನ್ನು ಮುಖ್ಯೋಪಾಧ್ಯಾಯರು ಮೂಡಿಸಬೇಕು. ಸೆಳವಿನ ದಿನ, ವೇಳೆ, ಲಕ್ಷಣಗಳನ್ನು ಬರೆದಿಡುವ ಒಂದು ಪುಸ್ತಕವಿರಬೇಕು. ವಿದ್ಯಾರ್ಥಿನಿಲಯದಲ್ಲಿ ಮಾತ್ರೆಯ ಹೊತ್ತು ತಪ್ಪದಂತೆ, ಪರೀಕ್ಷೆಯ ದಿನಗಳಲ್ಲಿಯೂ ನಿದ್ದೆಗೆಡದಂತೆ ಪಾಲಕರು ನೋಡಿಕೊಳ್ಳಬೇಕು. ಬಾವಿ ಕೆರೆಗಳಲ್ಲಿ ಒಬ್ಬನೇ ಈಜುವುದು, ಮರ ಹತ್ತುವುದು ಇಂಥವನ್ನು ಬಿಟ್ಟರೆ ಆಟಪಾಠಗಳಿಂದ ಮಗುವನ್ನು ದೂರವಿಡಬೇಕಾಗಿಲ್ಲ. ಬಡಮಕ್ಕಳ ಔಷಧಕ್ಕೂ ವರ್ಷಕ್ಕೊಮ್ಮೆ ತಜ್ಞರ ತಪಾಸಣೆಗೂ ವಿನಿಯೋಗವಾಗುವ ದಾನ ಕಟ್ಟಡಕ್ಕೆ ಕೊಟ್ಟ ದಾನಕ್ಕಿಂತ ಕಡಿಮೆಯದಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಬೇಕಾದುದು ಗಮನವಿಟ್ಟು ನೋಡುವ ಕಣ್ಣು. ಮಗು ದಿನದ ಬಹುಪಾಲನ್ನು ಕಳೆಯುವುದು ಶಿಕ್ಷಕರ ಕಣ್ಣೆದುರಿಗೆ. ಉಕ್ತಲೇಖನದಲ್ಲಿ ಬಿಟ್ಟುಹೋದ ಪದಗಳನ್ನು ಕಂಡು ಬೆತ್ತವನ್ನು ಹುಡುಕದೆ, ಇದೇಕೆ ಹೀಗೆ ಎಂದು ಒಂದು ಕ್ಷಣ ಯೋಚಿಸಿ ತಂದೆತಾಯಿಗಳನ್ನು ಕರೆಸಿದ ಶಿಕ್ಷಕರು ಅರ್ಧ ಚಿಕಿತ್ಸೆಯನ್ನು ಆಗಲೇ ಮಾಡಿರುತ್ತಾರೆ. ಉಳಿದರ್ಧ ವೈದ್ಯರ ಮಾತ್ರೆಯಿಂದ ಆಗುತ್ತದೆ. ಕೆಲವು ತಿಂಗಳ ಬಳಿಕ ಅದೇ ಪುಸ್ತಕದಲ್ಲಿ ಸಾಲುಗಳು ಒಂದೂ ಪದ ಬಿಡದೆ ತುಂಬಿ ಬಂದಾಗ ಆ ಮಗುವಿನ ವಿದ್ಯೆಯೂ ಬಾಳೂ ಉಳಿದಂತಾಯಿತು.